ಒಂದೇ ಮನೆ ನಡೆಯುವ ಕಾಲಾಳು

ಚೆಸ್ ಆಟದ ಆರಂಭಿಕ ನಡೆಗಳಿಗೆ ಊರು, ದೇಶಗಳ ಹೆಸರಿಡುವುದು ಹಳೆಯ ರೂಢಿ. ಸಿಸಿಲಿಯನ್, ಫ್ರೆಂಚ್, ಸ್ಕಾಚ್, ವಿಯೆನ್ನಾ, ಲಂಡನ್ ಎಂದು ಹೆಸರುಗಳು ಸಾಗುತ್ತವೆ. ಅದರಲ್ಲಿ ನಮ್ಮ ದೇಶದ ಹೆಸರು ಹೊತ್ತ ದೊಡ್ಡದೊಂದು ಮನೆತನವೇ ಇದೆ: ಕಿಂಗ್ಸ್ ಇಂಡಿಯನ್, ಕ್ವೀನ್ಸ್ ಇಂಡಿಯನ್, ನಿಮ್ಜೋ ಇಂಡಿಯನ್, ಓಲ್ಡ್ ಇಂಡಿಯನ್. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಶಾಲೆಗಳಿಂದ ಟೂರ್ನಿಗೆ ಬರುವ ಮಕ್ಕಳಿಗೆ ಈಗ ಈ ಹೆಸರುಗಳು ಹೊಸವಲ್ಲ. ಮೊಬೈಲಿನಲ್ಲಿ ನೋಡಿ ಬಾಯಿಪಾಠ ಮಾಡಿಕೊಂಡಿರುತ್ತಾರೆ. ಆದರೆ ಆ ಆರಂಭಗಳಿಗೆ ಇಂಡಿಯಾದ ಹೆಸರು ಯಾಕೆ ಬಂತು ಎಂದು ಮಾತ್ರ ಅವರಿಗೆ ಯಾರೂ ಹೇಳಿಲ್ಲ. ಹೇಳಬೇಕಾದ ಕಥೆ ಅದು. ಏಕೆಂದರೆ ಉತ್ತರದ ಬಹುಭಾಗ ಅವರ ಅಜ್ಜಂದಿರು ಕಟ್ಟೆಯ ಮೇಲೆ ಆಡುತ್ತಿದ್ದ ಚದುರಂಗದಲ್ಲೇ ಇದೆ.

ಹಳಬರು ಆಡುತ್ತಿದ್ದ ದೇಸಿ ಚದುರಂಗಕ್ಕೂ ಇಂದಿನ ಟೂರ್ನಿಯ ಚೆಸ್‌ಗೂ ಹಾಸು ಒಂದೇ, ಕಾಯಿಗಳೂ ಅವೇ: ರಾಜ, ಮಂತ್ರಿ, ಎರಡು ಆನೆ, ಎರಡು ಒಂಟೆ, ಎರಡು ಕುದುರೆ, ಎಂಟು ಕಾಲಾಳು. ನಿಯಮಗಳಲ್ಲಿ ಮಾತ್ರ ಕೆಲವು ವ್ಯತ್ಯಾಸಗಳಿದ್ದವು, ಅವೂ ಸೀಮೆಯಿಂದ ಸೀಮೆಗೆ ಬದಲಾಗುತ್ತಿದ್ದವು. ರಾಜ ಮತ್ತು ಆನೆ ಜಾಗ ಬದಲಿಸಿಕೊಳ್ಳುವ ಕ್ಯಾಸ್ಲಿಂಗ್ ಇರಲಿಲ್ಲ. ಬದಲಿಗೆ ಇನ್ನೂ ಚೆಕ್ ಬೀಳದ ರಾಜ ಒಂದು ಸಲ ಮಾತ್ರ ಕುದುರೆಯಂತೆ ನೆಗೆಯಬಹುದಿತ್ತು. ಕೊನೆಯ ಸಾಲು ಮುಟ್ಟಿದ ಕಾಲಾಳು ಬೇಕಾದ ಕಾಯಿ ಆಗುತ್ತಿರಲಿಲ್ಲ, ಆ ಮನೆಯ ಮೂಲ ಕಾಯಿಯೇ ಆಗಬೇಕಿತ್ತು. ಎಲ್ಲಕ್ಕಿಂತ ಮುಖ್ಯವಾದದ್ದು, ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಮುಂದೆ ಹೋಗುತ್ತಿತ್ತು. ಎರಡು ಮನೆ ದಾಟುವ ಸವಲತ್ತು ಯುರೋಪಿನಲ್ಲಿ ಸೇರಿಕೊಂಡದ್ದು.

ಈ ಒಂದು ಮನೆಯ ವ್ಯತ್ಯಾಸ ಸಣ್ಣದಲ್ಲ. ಎರಡು ಮನೆ ನಡೆಯುವ ಆಟದಲ್ಲಿ ಮೊದಲ ನಡೆಗೇ ಕಾಲಾಳುಗಳು ಹಾಸಿನ ನಡುವೆ ಎದುರುಬದುರು ನಿಲ್ಲುತ್ತವೆ, ನಾಲ್ಕಾರು ನಡೆಗಳಲ್ಲಿ ಹೊಡೆದಾಟ ಶುರು. ಒಂದೇ ಮನೆ ನಡೆಯುವ ಆಟದಲ್ಲಿ ಎರಡೂ ಸೈನ್ಯಗಳ ನಡುವೆ ತುಂಬ ಹೊತ್ತು ಖಾಲಿ ಜಾಗ ಇರುತ್ತದೆ. ಅವಸರ ಮಾಡಿ ಪ್ರಯೋಜನವಿಲ್ಲ. ಆಟಗಾರ ತನ್ನ ಕಡೆಯ ಏರ್ಪಾಟನ್ನು ಮೊದಲು ಸರಿಮಾಡಿಕೊಳ್ಳುತ್ತಾನೆ. ಒಂಟೆಗೆ ದಾರಿ ಬಿಡಲು ಪಕ್ಕದ ಕಾಲಾಳನ್ನು ಒಂದು ಮನೆ ಸರಿಸುತ್ತಾನೆ, ಒಂಟೆಯನ್ನು ಆ ಸಂದಿಯಲ್ಲಿ ಕೂರಿಸುತ್ತಾನೆ. ಅಲ್ಲಿಂದ ಅದು ಮೂಲೆಯಿಂದ ಮೂಲೆಗೆ ಓರೆಗೆರೆಯುದ್ದಕ್ಕೂ ಕಣ್ಣಿಟ್ಟಿರುತ್ತದೆ. ಕುದುರೆಗಳು ಹೊರಬರುತ್ತವೆ, ರಾಜ ಮೂಲೆ ಸೇರುತ್ತಾನೆ. ನಡುಮನೆಗಳನ್ನು ಎದುರಾಳಿ ಹಿಡಿದುಕೊಂಡರೆ ಹಿಡಿದುಕೊಳ್ಳಲಿ, ಆಮೇಲೆ ನೋಡಿಕೊಳ್ಳೋಣ ಎಂಬ ಧೋರಣೆ. ಇದೇ ಇಂದಿನ ಕಿಂಗ್ಸ್ ಇಂಡಿಯನ್ನಿನ ಜೀವಾಳ.

ಈ ಧೋರಣೆಯನ್ನು ಜಗತ್ತಿನ ದಾಖಲೆಗೆ ತಂದವರು ಬಂಗಾಳದ ಮಹೇಶಚಂದ್ರ ಬಂದ್ಯೋಪಾಧ್ಯಾಯ. ಅವರ ಬಗ್ಗೆ ತಿಳಿದಿರುವುದು ಸ್ವಲ್ಪವೇ. 1850ರಲ್ಲಿ ಲಂಡನ್ನಿನ ‘ಚೆಸ್ ಪ್ಲೇಯರ್ಸ್ ಕ್ರಾನಿಕಲ್’ ಪತ್ರಿಕೆಯಲ್ಲಿ ಕಲ್ಕತ್ತಾದಿಂದ ಬಂದ ಒಂದು ಪತ್ರ ಅಚ್ಚಾಯಿತು. ಕಲ್ಕತ್ತಾ ಚೆಸ್ ಕ್ಲಬ್ಬಿನ ಸದಸ್ಯರೊಬ್ಬರು ಮೊಫಸಲ್ ಕಡೆ ವಾಸವಿದ್ದರಂತೆ. ಅಲ್ಲಿ ಆಟದಲ್ಲಿ ಯಾರಿಗೂ ಸೋಲದ ಒಬ್ಬ ಬ್ರಾಹ್ಮಣ ಇದ್ದಾನೆಂದು ಕೇಳಿ, 1848ರಲ್ಲಿ ಹುಡುಕಿಕೊಂಡು ಹೋದರಂತೆ. ಹಾಗೆ ಸಿಕ್ಕವರು ಮಹೇಶಚಂದ್ರ. ಮೊಫಸಲ್ ಎಂದರೆ ರಾಜಧಾನಿಯಿಂದ ದೂರದ, ಸಣ್ಣ ಊರುಗಳ ನಾಡು. ನಮ್ಮ ಐದು ತಾಲ್ಲೂಕುಗಳಂಥದ್ದೇ. ಕಲ್ಕತ್ತಾ ಕ್ಲಬ್ಬಿನಲ್ಲಿ ಆಗ ಹಿರಿಯ ಆಟಗಾರ ಜಾನ್ ಕಾಕ್ರೇನ್. ಸ್ಕಾಟ್ಲೆಂಡ್ ಮೂಲದ ವಕೀಲ, ತನ್ನ ಕಾಲದ ಬಲಿಷ್ಠರಲ್ಲಿ ಒಬ್ಬ. ಮುಂದುವರಿದು ಕಾಯಿ ಬಲಿಕೊಟ್ಟು ಮುಗಿಬೀಳುವುದು ಅವರ ಶೈಲಿ. ಅವರ ಹೆಸರಿನ ಗ್ಯಾಂಬಿಟ್ ಇಂದಿಗೂ ಚಾಲ್ತಿಯಲ್ಲಿದೆ. ಅವರಿಗೆ ಸಮಸಮನಾಗಿ ಕೂತು ಆಡಬಲ್ಲವರು ಕಲ್ಕತ್ತಾದಲ್ಲಿ ಮಹೇಶಚಂದ್ರ ಒಬ್ಬರೇ ಎಂದು ಆ ಪತ್ರದಲ್ಲಿತ್ತು. ಇಬ್ಬರೂ ನೂರಾರು ಆಟಗಳನ್ನು ಆಡಿದರು.

ಅವುಗಳಲ್ಲಿ ಒಂದು ಆಟವನ್ನು ಹಾಸು ಮುಂದಿಟ್ಟುಕೊಂಡೇ ನೋಡಬೇಕು. ಮನೆಯಲ್ಲಿ ಚೆಸ್ ಬೋರ್ಡ್ ಇದ್ದವರು ಕಾಯಿ ಜೋಡಿಸಿಕೊಳ್ಳಿ. ಬಿಳಿ ಕಾಯಿ ಕಾಕ್ರೇನ್ ಅವರದು, ಕಪ್ಪು ಮಹೇಶಚಂದ್ರರದು.

ಬಿಳಿಯ ಮೊದಲ ನಡೆ ರಾಜನ ಮುಂದಿನ ಕಾಲಾಳು ಇ4. ಆ ಕಾಲದ ಯುರೋಪಿನಲ್ಲಿ ಇದಕ್ಕೆ ಸಾಮಾನ್ಯ ಉತ್ತರ ಇ5, ಅಂದರೆ ಎದೆಗೆದೆ ಕೊಟ್ಟು ನಿಲ್ಲುವುದು. ಮಹೇಶಚಂದ್ರರು ಮಂತ್ರಿಯ ಮುಂದಿನ ಕಾಲಾಳನ್ನು ಒಂದೇ ಮನೆ ಸರಿಸಿದರು: ಡಿ6. ಕಾಕ್ರೇನ್ ಡಿ4 ಎಂದರು. ಮಹೇಶಚಂದ್ರರು ಮತ್ತೆ ಒಂದೇ ಮನೆ: ಜಿ6. ಬಿಳಿ ಸಿ4, ಕಪ್ಪು ಒಂಟೆ ಜಿ7. ಬಿಳಿ ಕುದುರೆ ಸಿ3, ಕಪ್ಪು ಕುದುರೆ ಎಫ್6. ಬಿಳಿ ಎಫ್4, ಕಪ್ಪು ಕ್ಯಾಸ್ಲಿಂಗ್. ಈಗ ಹಾಸು ನೋಡಿ. ನಾಲ್ಕು ಬಿಳಿ ಕಾಲಾಳುಗಳು ಸಿ4ರಿಂದ ಎಫ್4ರವರೆಗೆ ಸಾಲಾಗಿ ಹೆಗಲಿಗೆ ಹೆಗಲು ಕೊಟ್ಟು ನಿಂತಿವೆ. ಕಪ್ಪು ಕಡೆಯಲ್ಲಿ ಎರಡು ಕಾಲಾಳು ಒಂದೊಂದು ಮನೆ ಕದಲಿವೆ, ಅಷ್ಟೇ. 1850ರ ದಶಕದ ಯುರೋಪಿನ ಆಟಗಾರನಿಗೆ ಇದು ಸೋತುಹೋದವನ ಕೂರುವಿಕೆಯಂತೆ ಕಂಡಿರಬೇಕು. ಇಂದು ಇದೇ ನಿಲುವಿಗೆ ಕಿಂಗ್ಸ್ ಇಂಡಿಯನ್‌ನ ‘ನಾಲ್ಕು ಕಾಲಾಳುಗಳ ದಾಳಿ’ ಎಂಬ ಹೆಸರಿದೆ, ಗ್ರ್ಯಾಂಡ್‌ಮಾಸ್ಟರ್‌ಗಳು ಇದನ್ನು ಎರಡೂ ಕಡೆಯಿಂದ ಆಡುತ್ತಾರೆ.

ಆರನೆಯ ನಡೆಯಲ್ಲಿ ಬಿಳಿ ಕುದುರೆ ಎಫ್3ಕ್ಕೆ ಬಂತು. ಕಪ್ಪಿನ ಇನ್ನೊಂದು ಒಂಟೆ ಜಿ4ಕ್ಕೆ ಹೋಗಿ ಆ ಕುದುರೆಯ ಮೇಲೆ ಕೂತಿತು. ಕುದುರೆ ಕದಲಿದರೆ ಹಿಂದಿರುವ ಬಿಳಿ ಮಂತ್ರಿಗೆ ಕುತ್ತು. ಏಳನೆಯ ನಡೆಯಲ್ಲಿ ಕಾಕ್ರೇನ್ ಒಂಟೆಯನ್ನು ಡಿ3ಕ್ಕೆ ತಂದರು. ಇದು ಸಡಿಲ ನಡೆ. ಆ ಒಂಟೆ ಇ2ರಲ್ಲಿ ಕೂತಿದ್ದರೆ ಮಂತ್ರಿಗೆ ಮರೆಯಾಗುತ್ತಿತ್ತು. ಅಷ್ಟು ಹೊತ್ತು ಕಾದಿದ್ದ ಮಹೇಶಚಂದ್ರರು ಈಗ ಕೈ ಎತ್ತಿದರು: ಇ5. ಎಫ್ ಕಾಲಾಳು ಅದನ್ನು ಹೊಡೆಯಿತು, ಡಿ ಕಾಲಾಳು ತಿರುಗಿ ಹೊಡೆಯಿತು. ಬಿಳಿ ಡಿ5ಕ್ಕೆ ತಳ್ಳಿ ಮುಂದೆ ಹೋಯಿತು. ಒಂಬತ್ತನೆಯ ನಡೆಯಲ್ಲಿ ಕಪ್ಪು ಕುದುರೆ ಇ4ರ ಕಾಲಾಳನ್ನು ಹೊಡೆದು ತಾನೇ ಬಲಿಯಾಯಿತು. ಬಿಳಿ ಕುದುರೆ ಅದನ್ನು ಹೊಡೆದ ಕೂಡಲೇ ಕಪ್ಪು ಕಾಲಾಳು ಎಫ್5, ಆ ಕುದುರೆಗೇ ಬೆದರಿಕೆ. ಕುದುರೆ ಜಿ5ಕ್ಕೆ ಜಿಗಿಯಿತು. ಕಪ್ಪು ಇ4. ಈ ಒಂದು ಕಾಲಾಳು ಈಗ ಎಡಕ್ಕೆ ಒಂಟೆಯನ್ನೂ ಬಲಕ್ಕೆ ಕುದುರೆಯನ್ನೂ ಹಿಡಿದಿದೆ.

ಕಾಕ್ರೇನ್ ಸುಮ್ಮನಿರುವವರಲ್ಲ. ಹನ್ನೆರಡನೆಯ ನಡೆಯಲ್ಲಿ ಕುದುರೆಯನ್ನು ಇ6ಕ್ಕೆ ಇಟ್ಟು ಕಪ್ಪಿನ ಮಂತ್ರಿ, ಆನೆ ಎರಡಕ್ಕೂ ಗುರಿಯಿಟ್ಟರು. ಯಾರಾದರೂ ಇಲ್ಲಿ ಮಂತ್ರಿಯನ್ನು ಎತ್ತಿಕೊಂಡು ಓಡುತ್ತಾರೆ. ಮಹೇಶಚಂದ್ರರು ಮಂತ್ರಿಯನ್ನು ಅಲ್ಲೇ ಬಿಟ್ಟು ಕಾಲಾಳಿನಿಂದ ಎಫ್3ರ ಕುದುರೆಯನ್ನು ಹೊಡೆದರು. ಬಿಳಿ ಕುದುರೆ ಮಂತ್ರಿಯನ್ನು ತಿಂದಿತು. ಆ ಕಾಲಾಳು ಇನ್ನೊಂದು ಹೊಡೆತ ಹೊಡೆದು ಜಿ2 ಸೇರಿತು. ಈಗ ದಾರಿ ತೆರೆದ ಜಿ4ರ ಒಂಟೆಯ ಬಾಯಲ್ಲಿ ಬಿಳಿ ಮಂತ್ರಿ. ಕಾಲಾಳಿನ ಬಾಯಲ್ಲಿ ಮೂಲೆಯ ಆನೆ, ಅದನ್ನು ಹೊಡೆದರೆ ಕಾಲಾಳೇ ಹೊಸ ಮಂತ್ರಿ. ಎರಡನ್ನೂ ಉಳಿಸಿಕೊಳ್ಳಲು ಸಾಧ್ಯವಿಲ್ಲ. ಕಾಕ್ರೇನ್ ಆನೆಯನ್ನು ಸರಿಸಿದರು, ಮಂತ್ರಿ ಹೋಯಿತು. ಹದಿನೇಳನೆಯ ನಡೆಗೆ ಹೊಗೆ ಆರಿದಾಗ ಲೆಕ್ಕ ಹೀಗಿತ್ತು: ಬಿಳಿಗೆ ಒಂದು ಆನೆ ಹೆಚ್ಚು, ಕಪ್ಪಿಗೆ ಅದರ ಬದಲು ಒಂದು ಕುದುರೆ ಮತ್ತು ಒಂದು ಕಾಲಾಳು. ಕಾಯಿಗಳ ಬೆಲೆಯಲ್ಲಿ ಬಿಳಿಯದೇ ತುಸು ಮೇಲುಗೈ. ಆದರೆ ಎರಡನೆಯ ನಡೆಯಲ್ಲಿ ಜಿ6ಕ್ಕೆ ಸರಿದ ಆ ಒಂದು ಮನೆಯ ಕಾಲಾಳು ತೆರೆದ ಸಂದಿಯಲ್ಲಿ ಕೂತ ಒಂಟೆ ಈಗ ಉದ್ದ ಓರೆಗೆರೆಯನ್ನು ಪೂರಾ ಆಳುತ್ತಿತ್ತು. ಆಟ ಮಹೇಶಚಂದ್ರರದಾಯಿತು.

ಈ ಆಟವನ್ನು ಸುಂದರ ಎಂದು ಹೊಗಳುವುದು ಸುಲಭ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅದರ ಮೊದಲ ಐದು ನಡೆಗಳು. ಆ ನಿಲುವು ಯಾವ ಪುಸ್ತಕದ್ದೂ ಅಲ್ಲ, ಆಗ ಅಂಥ ಪುಸ್ತಕವೇ ಇರಲಿಲ್ಲ. ಒಂದೇ ಮನೆ ನಡೆಯುವ ಆಟದಲ್ಲಿ ಬೆಳೆದ ಕೈ, ಎರಡು ಮನೆ ನಡೆಯಲು ಅವಕಾಶವಿದ್ದಾಗಲೂ ತನ್ನ ಅಭ್ಯಾಸದಂತೆ ಕೂತಿತು. ಬಂದ ಹೊಸ ನಿಯಮದಲ್ಲಿ ಕ್ಯಾಸ್ಲಿಂಗ್‌ನಂಥ ಬೇಕಾದದ್ದನ್ನು ಮಾತ್ರ ತೆಗೆದುಕೊಂಡಿತು.

‘ಇಂಡಿಯನ್ ಡಿಫೆನ್ಸ್’ ಎಂಬ ಹೆಸರು ಮೊದಲು ಅಚ್ಚಿನಲ್ಲಿ ಕಾಣುವುದು 1884ರಲ್ಲಿ, ಮಹೇಶಚಂದ್ರರು ಕಾಕ್ರೇನ್ ವಿರುದ್ಧ ಇದನ್ನು ಆಡಿದ್ದರೆಂಬ ಕಾರಣಕ್ಕೇ. ಆಮೇಲೂ ಯುರೋಪ್ ಅದನ್ನು ನಂಬಲು ಬಹಳ ಕಾಲ ಹಿಡಿಯಿತು. ನಡುಮನೆಗಳನ್ನು ಕಾಲಾಳುಗಳಿಂದ ಹಿಡಿಯಲೇಬೇಕು ಎಂಬುದು ಅಲ್ಲಿಯ ವೇದವಾಕ್ಯವಾಗಿತ್ತು. 1920ರ ದಶಕದಲ್ಲಿ ನಿಮ್ಜೋವಿಚ್, ರೇಟಿ ಮೊದಲಾದವರು ನಡುಮನೆಗಳನ್ನು ದೂರದಿಂದ ಒಂಟೆ, ಕುದುರೆಗಳಿಂದಲೂ ಆಳಬಹುದೆಂದು ವಾದಿಸಿ ಗೆದ್ದು ತೋರಿಸಿದರು. ಆಸ್ಟ್ರಿಯಾದ ಅರ್ನ್ಸ್ಟ್ ಗ್ರುನ್‌ಫೆಲ್ಡ್ 1922ರಲ್ಲಿ ಆಡಿ ಪ್ರಸಿದ್ಧಿಗೆ ತಂದ ಆರಂಭಕ್ಕೆ ಅವರ ಹೆಸರೇ ಉಳಿಯಿತು. ಆದರೆ ಅದೇ ಗ್ರುನ್‌ಫೆಲ್ಡ್ ನಡೆಗಳನ್ನು 1855ರಲ್ಲಿ ಕಲ್ಕತ್ತಾದಲ್ಲಿ ಮಹೇಶಚಂದ್ರರು ಆಡಿದ ದಾಖಲೆ ಇದೆ. ಆ ಆಟದಲ್ಲಿ ಅವರು ಸೋತರು. ಹದಿನಾಲ್ಕನೆಯ ನಡೆಯಲ್ಲಿ ಇ7ರ ಕಾಲಾಳನ್ನು ಕಾಯಲು ಎಫ್8ರ ಆನೆಯನ್ನು ಇ8ಕ್ಕೆ ಸರಿಸಿದರು, ಎಫ್7 ಮನೆಗೆ ರಾಜನ ಹೊರತು ಬೇರೆ ಕಾವಲಿಲ್ಲವಾಯಿತು. ಕಾಕ್ರೇನ್ ನಾಲ್ಕು ನಡೆ ಬಿಟ್ಟು ಅಲ್ಲಿಗೇ ಕುದುರೆ ನುಗ್ಗಿಸಿದರು. ಆಮೇಲೆ ಜೋಡಿ ಚೆಕ್, ಮಂತ್ರಿಯ ಬಲಿ, ತನ್ನದೇ ಆನೆ, ಒಂಟೆ, ಕಾಲಾಳುಗಳ ನಡುವೆ ಸಿಕ್ಕಿಬಿದ್ದ ರಾಜನಿಗೆ ಕುದುರೆಯ ಚೆಕ್‌ಮೇಟ್. ಸೋತ ಆಟವೂ ದಾಖಲೆಯಲ್ಲಿ ಉಳಿದದ್ದರಿಂದಲೇ ಆ ಆರಂಭದ ಮೂಲ ನಮಗೆ ಗೊತ್ತಿದೆ.

ಇದೇ ಆರಂಭವನ್ನು 1956ರಲ್ಲಿ ನ್ಯೂಯಾರ್ಕಿನ ಟೂರ್ನಿಯೊಂದರಲ್ಲಿ 13 ವರ್ಷದ ಬಾಬಿ ಫಿಶರ್ ಡೊನಾಲ್ಡ್ ಬರ್ನ್ ವಿರುದ್ಧ ಆಡಿ, ಹದಿನೇಳನೆಯ ನಡೆಯಲ್ಲಿ ಮಂತ್ರಿಯನ್ನು ಬಿಟ್ಟುಕೊಟ್ಟು ಗೆದ್ದ. ‘ಶತಮಾನದ ಆಟ’ ಎಂದೇ ಅದಕ್ಕೆ ಹೆಸರು.

ದೇಸಿ ಆಟದಿಂದ ಬಂದವರಿಗೆ ಎಲ್ಲವೂ ಲಾಭವೇ ಆಗಲಿಲ್ಲ ಎಂಬುದನ್ನೂ ಹೇಳಬೇಕು. ಅವಿಭಜಿತ ಪಂಜಾಬಿನ ಮೀರ್ ಸುಲ್ತಾನ್ ಖಾನ್ ದೇಸಿ ನಿಯಮಗಳಲ್ಲೇ ಆಡಿ ಬೆಳೆದವರು. ತಮ್ಮ ಒಡೆಯ ಸರ್ ಉಮರ್ ಹಯಾತ್ ಖಾನ್ ಜೊತೆ ಇಂಗ್ಲೆಂಡಿಗೆ ಹೋದರು, 1929, 1932, 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು. 1930–31ರ ಹೇಸ್ಟಿಂಗ್ಸ್ ಟೂರ್ನಿಯಲ್ಲಿ ಮಾಜಿ ವಿಶ್ವ ಚಾಂಪಿಯನ್ ಕಪಾಬ್ಲಾಂಕಾರನ್ನೇ ಸೋಲಿಸಿದರು. ಆಟದ ನಡುಭಾಗದಲ್ಲೂ ಕೊನೆಯಲ್ಲೂ ಅವರ ಸಮಕ್ಕೆ ನಿಲ್ಲುವವರು ಕಡಿಮೆ. ಆದರೆ ಆರಂಭದಲ್ಲಿ ಮಾತ್ರ ಅವರು ಎಡವುತ್ತಿದ್ದರು, ಯುರೋಪಿನವರು ಓದಿ ಕಲಿತ ನಡೆಗಳನ್ನು ಅವರು ಹಾಸಿನ ಮುಂದೆ ಕೂತೇ ಹುಡುಕಿಕೊಳ್ಳಬೇಕಿತ್ತು. ವಿಶ್ವ ಚೆಸ್ ಒಕ್ಕೂಟ ಅವರಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ಕೊಟ್ಟದ್ದು 2024ರಲ್ಲಿ, ಅವರು ತೀರಿಕೊಂಡು ಎಷ್ಟೋ ದಶಕಗಳ ಮೇಲೆ. ಅಭ್ಯಾಸದ ಬಲ ಒಂದು ಕಡೆ, ಓದಿನ ಬಲ ಇನ್ನೊಂದು ಕಡೆ. ಎರಡೂ ಒಂದೇ ಕೈಗೆ ಸಿಕ್ಕರೆ ಏನಾಗಬಹುದೆಂದು ನಾವು ಈಚೆಗೆ ನೋಡಿದೆವು.

2024ರ ಡಿಸೆಂಬರ್ 12, ಸಿಂಗಪುರ. ವಿಶ್ವ ಚಾಂಪಿಯನ್‌ಷಿಪ್‌ನ ಹದಿನಾಲ್ಕನೆಯ ಆಟ. ಅಂಕ 6.5–6.5. ಬಿಳಿ ಕಾಯಿ ಚೀನಾದ ಡಿಂಗ್ ಲಿರೆನ್ ಅವರದು, ಕಪ್ಪು 18 ವರ್ಷದ ಡಿ. ಗುಕೇಶ್ ಅವರದು. ಡಿಂಗ್ ಮೊದಲು ಕುದುರೆ ಹೊರತಂದು, ಜಿ ಕಾಲಾಳನ್ನು ಒಂದೇ ಮನೆ ಸರಿಸಿ, ಒಂಟೆಯನ್ನು ಜಿ2ರಲ್ಲಿ ಕೂರಿಸಿದರು. ಗ್ರುನ್‌ಫೆಲ್ಡ್ ನಿಲುವನ್ನೇ ಬಣ್ಣ ಬದಲಿಸಿ ಆಡಿದ ಆರಂಭವದು. ಆಟ ಡ್ರಾ ಕಡೆಗೆ ಸಾಗಿತ್ತು. ಗುಕೇಶ್ ಬಳಿ ಒಂದು ಕಾಲಾಳು ಹೆಚ್ಚಿತ್ತು, ಅಷ್ಟರಿಂದ ಗೆಲ್ಲುವುದು ಕಷ್ಟವಿತ್ತು. ಜಿ2ರಿಂದ ಹೊರಟ ಡಿಂಗ್ ಅವರ ಒಂಟೆ ಆ ಹೊತ್ತಿಗೆ ಅದೇ ಓರೆಗೆರೆಯ ಇನ್ನೊಂದು ತುದಿ, ಎ8ರ ಮೂಲೆಯಲ್ಲಿತ್ತು. 55ನೆಯ ನಡೆಯಲ್ಲಿ ಡಿಂಗ್ ಆನೆಯನ್ನು ಎಫ್2ಕ್ಕೆ ತಂದು ವಿನಿಮಯಕ್ಕೆ ಕೊಟ್ಟರು. ಗುಕೇಶ್ ಆನೆ ಬದಲಿಸಿಕೊಂಡು ತಮ್ಮ ಒಂಟೆಯನ್ನು ಡಿ5ಕ್ಕೆ ಇಟ್ಟರು. ಮೂಲೆಯಲ್ಲಿದ್ದ ಒಂಟೆಗೆ ಬೇರೆ ದಾರಿಯೇ ಇಲ್ಲ, ಅದೂ ಬದಲಾಗಲೇಬೇಕು. ಉಳಿದದ್ದು ರಾಜ, ಕಾಲಾಳುಗಳಷ್ಟೇ, ಅಲ್ಲಿ ಒಂದು ಕಾಲಾಳು ಹೆಚ್ಚಿದ್ದವರದೇ ಗೆಲುವು. 58ನೆಯ ನಡೆಗೆ ಡಿಂಗ್ ಕೈಚೆಲ್ಲಿದರು.

ಈಗ ನಮ್ಮ ಸೀಮೆಗೆ ಬರೋಣ. ಚದುರಂಗಕ್ಕೆ ಈ ನೆಲ ಹೊಸದಲ್ಲ. ಕಲ್ಯಾಣ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಮೊದಲ ಭಾಗದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ರಾಜರ ವಿನೋದಗಳ ನಡುವೆ ಚತುರಂಗದ ಆಟದ ವಿವರಣೆ ಇದೆ. ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ, ಹಡಗಲಿ ತಾಲ್ಲೂಕಿನ ಕುರುವತ್ತಿಯ ಮಲ್ಲಿಕಾರ್ಜುನ ದೇವಾಲಯಗಳನ್ನು ಕಂಡವರಿಗೆ ಆ ಚಾಲುಕ್ಯರು ಯಾರೆಂದು ಬೇರೆ ಹೇಳಬೇಕಿಲ್ಲ. ಕೋಗಳಿ ನಾಡು ಅವರ ಆಳ್ವಿಕೆಯ ಭಾಗವಾಗಿತ್ತು, ಆ ಕೋಗಳಿ ಇಂದು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಊರು. ಏಳು ಶತಮಾನಗಳ ನಂತರ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಹಾಸಿನ 64 ಮನೆಗಳಿಗೂ ಕುದುರೆಯನ್ನು ಒಂದೊಂದೇ ಸಲ ನಡೆಸಿ, ನಡೆಯ ಅಂಕಿಗಳನ್ನು ಬರೆದರೆ ಅಡ್ಡ, ಉದ್ದ ಪ್ರತಿ ಸಾಲಿನ ಮೊತ್ತವೂ 260 ಬರುವಂತೆ ಜೋಡಿಸಿ ತೋರಿಸಿದರು. ಅಂಥ ಕುದುರೆ ನಡೆಯನ್ನು ಜಗತ್ತಿನಲ್ಲಿ ಮೊದಲು ಕಂಡುಹಿಡಿದ ಕೆಲವೇ ಮಂದಿಯಲ್ಲಿ ಅವರೊಬ್ಬರು. ಆದರೂ ರಾಜ್ಯಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್ ದಕ್ಕಿದ್ದು 2017ರಲ್ಲಿ, ಮೈಸೂರಿನ ಎಂ.ಎಸ್. ತೇಜ್‌ಕುಮಾರ್ ಮೂಲಕ. ಆಮೇಲೆ ಶಿವಮೊಗ್ಗ ಕಡೆಯ ಸ್ಟ್ಯಾನಿ, ಮೈಸೂರಿನ ಗಿರೀಶ್ ಕೌಶಿಕ್, ಬೆಂಗಳೂರಿನ ಪ್ರಣವ್ ಆನಂದ್ ಬಂದರು. ತುಂಗಭದ್ರೆಯ ಈ ದಂಡೆಯಿಂದ ಇನ್ನೂ ಯಾರ ಹೆಸರೂ ಆ ಪಟ್ಟಿ ಸೇರಿಲ್ಲ.

ಸೇರಬಾರದೆಂದೇನಿಲ್ಲ. ಶಾಲಾ ಕ್ರೀಡಾಕೂಟದ ಚೆಸ್ ಸ್ಪರ್ಧೆಯೊಂದರಲ್ಲಿ ಹಡಗಲಿ ಕಡೆಯ ಹಳ್ಳಿಯ ಹುಡುಗಿಯೊಬ್ಬಳ ಆಟ ನೋಡಿದ್ದೆ. ತರಗತಿಯ ಬೆಂಚು ಜೋಡಿಸಿ ಹಾಸಿದ ರೆಕ್ಸಿನ್ ಬೋರ್ಡು, ಎದುರಿಗೆ ಪೇಟೆಯ ಶಾಲೆಯ ಹುಡುಗಿ. ಈಕೆ ಡಿ6 ಇಟ್ಟಳು, ಜಿ6 ಇಟ್ಟಳು, ಒಂಟೆಯನ್ನು ಒಳಗೆ ಕೂರಿಸಿದಳು. ಎದುರಿನವಳು ಕಾಲಾಳು ತಳ್ಳುತ್ತ ಬಂದಷ್ಟೂ ಈಕೆ ಕದಲಲಿಲ್ಲ. ಆಟ ಮುಗಿದ ಮೇಲೆ, “ಈ ಓಪನಿಂಗ್ ಹೆಸರು ಗೊತ್ತೇನವ್ವ?” ಎಂದೆ. “ಇಲ್ಲ ರೀ ಸರ್.” “ಮತ್ತೆ ಯಾರು ಹೇಳಿಕೊಟ್ರು?” “ನಮ್ಮಜ್ಜ ರೀ. ಮೊದ್ಲು ನಿನ್ನ ಮನಿ ಭದ್ರ ಮಾಡ್ಕೊ, ಆಮ್ಯಾಲೆ ಅವ್ರ ಮನಿಗೆ ಹೋಗು ಅಂತಾನ್ರೀ.”

ಆ ಅಜ್ಜನ ಪಾಠ ಅರ್ಧ ಕಿಂಗ್ಸ್ ಇಂಡಿಯನ್. ಉಳಿದರ್ಧವನ್ನು ಶಾಲೆ ಹೇಳಿಕೊಡಬಹುದು: ಎದುರಾಳಿ ನಡುಮನೆ ಹಿಡಿದ ಮೇಲೆ ಯಾವಾಗ ಇ5 ಅಥವಾ ಸಿ5 ತಳ್ಳಿ ಒಡೆಯಬೇಕು, ತಡಮಾಡಿದರೆ ಹೇಗೆ ಉಸಿರುಕಟ್ಟುತ್ತದೆ, ಎಫ್7ರ ಕಾವಲು ಯಾವಾಗ ತೆಗೆಯಬಾರದು ಎಂಬುದನ್ನು. ಹದಿನೈದು ನಡೆಗಳನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಇದು ಗಟ್ಟಿ ಕಲಿಕೆ. ಬಾಯಿಪಾಠದ ಮಗು ಎದುರಾಳಿ ಪುಸ್ತಕದಲ್ಲಿಲ್ಲದ ನಡೆ ಇಟ್ಟ ಕೂಡಲೇ ದಿಕ್ಕೆಡುತ್ತದೆ. ಕಾರಣ ಗೊತ್ತಿದ್ದ ಮಗು ತಾನೇ ನಡೆ ಹುಡುಕಿಕೊಳ್ಳುತ್ತದೆ.

ಇನ್ನೊಂದು ಕೆಲಸಕ್ಕೆ ಪೆನ್ನು, ಹಾಳೆ ಸಾಕು. ದೀರ್ಘ ಅವಧಿಯ ಟೂರ್ನಿಗಳಲ್ಲಿ ಆಟಗಾರ ಪ್ರತಿ ನಡೆಯನ್ನೂ ಸ್ಕೋರ್ ಶೀಟಿನಲ್ಲಿ ಬರೆಯುವುದು ಕಡ್ಡಾಯ. ತಾಲ್ಲೂಕು, ಜಿಲ್ಲಾ ಮಟ್ಟದ ಆಟಗಳು ಬಹುತೇಕ ಕಡಿಮೆ ಹೊತ್ತಿನವು, ಅಲ್ಲಿ ಬರೆಯುವ ನಿಯಮವಿಲ್ಲ, ಹಾಗಾಗಿ ಮಕ್ಕಳಿಗೆ ಬರೆಯಲು ಬರುವುದೂ ಇಲ್ಲ. ಹೊಸಪೇಟೆ, ದಾವಣಗೆರೆಯಾಚೆಯ ದೊಡ್ಡ ಟೂರ್ನಿಗೆ ಮೊದಲ ಸಲ ಹೋದಾಗ ಸ್ಕೋರ್ ಶೀಟು ನೋಡಿ ಗಾಬರಿಯಾಗುತ್ತಾರೆ. ಅರ್ಧ ಗಮನ ಅಕ್ಷರದ ಕಡೆಗೇ ಹೋಗುತ್ತದೆ. ಆಡಿದ ಆಟ ಬರೆದಿಲ್ಲವಾದ್ದರಿಂದ ಎಲ್ಲಿ ಸೋತೆವೆಂದು ಮನೆಗೆ ಬಂದು ನೋಡುವುದಕ್ಕೂ ಏನೂ ಉಳಿದಿರುವುದಿಲ್ಲ. ಮಹೇಶಚಂದ್ರರ ಆಟಗಳು ಉಳಿದದ್ದು ಕಾಕ್ರೇನ್ ಅವುಗಳನ್ನು ಬರೆದಿಟ್ಟುಕೊಂಡು ಪತ್ರಿಕೆಗಳಿಗೆ ಕಳಿಸಿದ್ದರಿಂದ. ಅವರಷ್ಟೇ ಚೆನ್ನಾಗಿ ಆಡುತ್ತಿದ್ದ ಎಷ್ಟು ಮಂದಿ ನಮ್ಮ ಊರುಗಳ ಕಟ್ಟೆ, ಚಾವಡಿಗಳಲ್ಲಿ ಯಾವ ದಾಖಲೆಯೂ ಇಲ್ಲದೆ ಆಡಿ ಹೋದರೋ.

ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ಚೆಸ್ ಆಡಿಸುವ ದೈಹಿಕ ಶಿಕ್ಷಕರಲ್ಲಿ ಹಾಗಾಗಿ ಒಂದು ಕೋರಿಕೆ. ಈ ವರ್ಷದ ತಾಲ್ಲೂಕು ಆಟಗಳಲ್ಲಿ ಕೊನೆಯ ಸುತ್ತನ್ನಾದರೂ ಬರೆದು ಆಡುವಂತೆ ಮಾಡಿ, ಅದಕ್ಕೆ ಬೇಕಾದಷ್ಟು ಹೆಚ್ಚು ಸಮಯ ಕೊಡಿ. ಕನ್ನಡದಲ್ಲೇ ಬರೆಯಲಿ, ಡಿ6, ಜಿ6, ಒಂಟೆ ಜಿ7 ಎಂದು. ಸೋತವರ ಹಾಳೆಯನ್ನೂ ತೆಗೆದಿಡಿ. ಮರುದಿನ ಅದೇ ತರಗತಿಯಲ್ಲಿ ಬೋರ್ಡಿನ ಮೇಲೆ ಕಾಯಿ ಜೋಡಿಸಿ, ಎಷ್ಟನೆಯ ನಡೆಯಲ್ಲಿ ಆಟ ಕೈಬಿಟ್ಟಿತು ಎಂದು ಆ ಮಕ್ಕಳಿಂದಲೇ ಹುಡುಕಿಸಿ.